ಒಂದು ಬೈಕು, ಮೂವರು ಮತ್ತು ದೂರದ ಯುದ್ಧ

ಜಗಳ ಬಿಡಿಸಲು ಹೋಗುವ ಚಟ ನನಗೆ ಚಿಕ್ಕಂದಿನಿಂದಲೂ ಇದೆ. ಕುಡಿತ, ಇಸ್ಪೀಟುಗಳನ್ನು ಬಿಡಿಸಲು ಊರಿಗೊಬ್ಬರಾದರೂ ಹಿರಿಯರು ಸಿಗುತ್ತಾರೆ. ಈ ಚಟದವನನ್ನು ಮಾತ್ರ ಎಲ್ಲರೂ ಬೆನ್ನು ತಟ್ಟಿ ಮುಂದಕ್ಕೆ ತಳ್ಳುತ್ತಾರೆ. ಬಂಡೂರಿನ ಸೋದರಮಾವನ ಮನೆಯಲ್ಲಿ ಒಮ್ಮೆ ಎರಡು ಟಗರು ಗುದ್ದಾಡುತ್ತಿದ್ದಾಗ ನಡುವೆ ಹೋಗಿ ನಿಂತಿದ್ದೆ. ಟಗರುಗಳು ಅವತ್ತೇ ರಾಜಿಯಾಗಿ ಒಟ್ಟಿಗೆ ಮೇಯಲು ಹೋದವು. ನಾನು ಸುಮಾರು ದಿನ ಬೋರಲು ಮಲಗಿದೆ.

ಈಗ ನಾನು ಮದ್ದೂರಿನ ಖಾಸಗಿ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಊರು ಹನಕೆರೆ. ಅಲ್ಲಿ ನನಗೆ ಇಬ್ಬರು ಬಾಲ್ಯದ ಗೆಳೆಯರು. ಮೊಬೈಲ್ ಅಂಗಡಿಯ ರವಿ ದೈವಭಕ್ತ. ಸೋಮವಾರ ಗುಡಿಗೆ ಹೋಗಿ ಬಾರದೆ ಅಂಗಡಿ ಬಾಗಿಲು ತೆಗೆಯುವುದಿಲ್ಲ. ಇನ್ನೊಬ್ಬ ದೇವರೇ ಇಲ್ಲವೆನ್ನುವವನು. ಅವನ ಹೆಸರು ಸ್ವಾಮಿ. ಅದಕ್ಕೆ ಅವರಪ್ಪ ಹೊಣೆ. ದೇವರಿದ್ದಾನೋ ಇಲ್ಲವೋ ಎಂದು ಮೀಸೆ ಬರುವ ಮೊದಲಿನಿಂದ ಕಿತ್ತಾಡುತ್ತಲೇ ಒಂದೇ ತಟ್ಟೆಯಲ್ಲಿ ಬೋಂಡ ತಿಂದುಕೊಂಡು ಬಂದವರು. ದೇವರಿಂದಲೂ ಆಗದ ಕೆಲಸವನ್ನು ಎಲ್ಲೋ ಸಮುದ್ರದಾಚೆಯ ಒಂದು ಯುದ್ಧ ಮಾಡಿತು.

ಸ್ವಾಮಿ ಒಂದು ದೇಶದ ಕಡೆ, ರವಿ ಇನ್ನೊಂದರ ಕಡೆ. ದಿನಾ ಸಂಜೆ ಟೀ ಅಂಗಡಿಯಲ್ಲಿ ಕೂತು ಮೊಬೈಲಿನಲ್ಲಿ ಕ್ಷಿಪಣಿ ಹಾರಿಸಿಕೊಳ್ಳುತ್ತಿದ್ದರು. ಆ ದೇಶಗಳ ನಡುವೆ ಗುಡ್ಡವಿದೆಯೋ ನೀರಿದೆಯೋ ಇಬ್ಬರಿಗೂ ತಿಳಿಯದು. ನನಗೆ ತಿಳಿದಿತ್ತು, ಏಕೆಂದರೆ ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ ಅಟ್ಲಾಸ್ ನೋಡಿಕೊಂಡಿದ್ದೆ. ಒಂದು ಸಂಜೆ ಸ್ವಾಮಿ, ನಿಮ್ಮ ಸೈನ್ಯ ಓಡಿಹೋಯಿತಂತೆ ಎಂದ. ರವಿ ಅರ್ಧ ಕುಡಿದ ಟೀ ಇಟ್ಟು ಎದ್ದುಹೋಗಿ ಅಂಗಡಿಯ ಷಟರ್ ಎಳೆದುಬಿಟ್ಟ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಇದರಿಂದ ನನಗೇನು ಎನ್ನಬಹುದು. ನಾವು ಮೂವರೂ ಕಾಶಿಗೆ ಹೊರಟಿದ್ದೆವು. ರವಿಗೆ ಗಂಗೆಯಲ್ಲಿ ಮುಳುಗುವ ಆಸೆ, ಸ್ವಾಮಿಗೆ ಮುಳುಗುವವರ ಜತೆ ವಾದ ಮಾಡುವ ಆಸೆ, ತಿರುಪತಿಯಿಂದಾಚೆ ರೈಲು ಹತ್ತದ ನನಗೆ ಸುಮ್ಮನೆ ಕಿಟಕಿ ಪಕ್ಕ ಕೂರುವ ಆಸೆ. ಟಿಕೆಟ್ಟು ಒಟ್ಟಿಗೇ ಆಗಿತ್ತು. ಈಗ ಅವನು ಬಂದರೆ ನಾನಿಲ್ಲ ಎಂದು ಇಬ್ಬರೂ ನನ್ನ ಹತ್ತಿರ ಬೇರೆ ಬೇರೆಯಾಗಿ ಹೇಳಿ ಹೋದರು. ಒಬ್ಬನೇ ಕಾಶಿಗೆ ಹೋಗುವೆನೆಂದರೆ ನಮ್ಮಮ್ಮ ಬಿಡುವವಳಲ್ಲ. ಇನ್ನೂ ಮದುವೆಯಾಗಿಲ್ಲ, ಸನ್ಯಾಸಿಯಾಗಿಬಿಟ್ಟರೆ ಎಂದು ಅವಳಿಗೆ ಭಯ.

ಹಾಗಾಗಿ ಭಾನುವಾರ ಉಪಾಯ ಮಾಡಿದೆ. ರವಿಗೆ ವೈದ್ಯನಾಥಪುರದ ದೇವರಿಗೆ ಕೈಮುಗಿದು ಬರೋಣ ಎಂದೆ. ಸ್ವಾಮಿಗೆ ಅಲ್ಲಿ ಹೊಳೆ ದಂಡೆಯಲ್ಲಿ ಗಾಳಿ ಚೆನ್ನಾಗಿದೆ ಎಂದೆ. ಇಬ್ಬರೂ ಬಂದು ಮುಖ ನೋಡಿಕೊಂಡಾಗ ತಡವಾಗಿತ್ತು. ಇದ್ದದ್ದು ರವಿಯ ಬೈಕೊಂದೇ. ರವಿ ಮುಂದೆ, ಸ್ವಾಮಿ ಹಿಂದೆ, ನಡುವೆ ನಾನು. ಮೂವರು ಕೂತದ್ದು ಪೊಲೀಸರಿಗೆ ಕಾಣಬಾರದೆಂದು ನಾಲೆ ಏರಿಯ ಮೇಲಿನ ಮಣ್ಣುದಾರಿ ಹಿಡಿದೆವು. ಸ್ವಲ್ಪ ದೂರ ಎಲ್ಲ ಶಾಂತವಾಗಿತ್ತು. ಆಮೇಲೆ ಸ್ವಾಮಿ ನನ್ನ ಎಡಗಿವಿಯಲ್ಲಿ, ಮೊದಲು ಹೊಡೆದವರು ಯಾರೆಂದು ಇವನನ್ನು ಕೇಳು ಎಂದ. ಉತ್ತರ ಹೇಳಲು ರವಿ ಪೂರ್ತಿ ಹಿಂದಕ್ಕೆ ತಿರುಗಿದ. ಬೈಕು ಮಾತ್ರ ತಿರುಗದೆ ನೆಟ್ಟಗೆ ಹೋಗಿ ಕೆಸರುಗದ್ದೆಗೆ ಇಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಅವರಿಬ್ಬರೂ ನನ್ನ ಮೇಲೆ ಬಿದ್ದಿದ್ದರು.

ಬದುವಿನಲ್ಲಿ ಹುಲ್ಲು ಕುಯ್ಯುತ್ತಿದ್ದ ಗಂಡ ಹೆಂಡತಿ ಓಡಿಬಂದು ನಮ್ಮನ್ನು ಎಬ್ಬಿಸಿದರು. ಗಂಡ ಕರಿಯಣ್ಣ, ಹೆಂಡತಿ ನಿಂಗಮ್ಮ. ಯಾಕೆ ಬಿದ್ದಿರಿ ಎಂದು ಕೇಳಿದ್ದಕ್ಕೆ ರವಿಯೂ ಸ್ವಾಮಿಯೂ ಕೆಸರು ಒರೆಸಿಕೊಳ್ಳುತ್ತಲೇ ಯುದ್ಧದ ಕತೆಯನ್ನೆಲ್ಲ ಒಪ್ಪಿಸಿದರು. ನಿಂಗಮ್ಮ ಗಮನವಿಟ್ಟು ಕೇಳಿ ಸ್ವಾಮಿಯ ಕಡೆ ನಿಂತಳು. ಆ ದೇಶದವರು ಪಾಪ, ಅವರ ಜಾಗಕ್ಕೆ ಅವರು ಹೊಡೆದಾಡಬಾರದೇ ಎಂದಳು. ಕರಿಯಣ್ಣ ಕುಡುಗೋಲು ಕೆಳಗಿಟ್ಟ.

"ನಿಂಗೇನಮ್ಮಿ ಗೊತ್ತು ಅವ್ರ ಇಸ್ಯ? ನಿಮ್ಮಪ್ಪನ ಮನೆಯೋರೂ ಇಂಗೇ ಕಂಡೋರ ಜಮೀನ್ ಬದ ಒತ್ತುಸ್ಕೊಂಡು ಬಂದೋರೆಯ."

"ನಮ್ಮಪ್ಪನ ಸುದ್ದಿ ತಗದ್ರೆ ಇವತ್ತು ಮುದ್ದೆಗೆ ಇಟ್ಟು ನೀನೇ ತೊಳಸ್ಕೊ," ಎಂದಳು ನಿಂಗಮ್ಮ.

ಸಮುದ್ರದಾಚೆಯ ಯುದ್ಧ ಹೀಗೆ ಮದ್ದೂರು ತಾಲ್ಲೂಕಿಗೂ ಹಬ್ಬಿತು. ಗಾಬರಿಯಾದ ರವಿ, ಇವರು ಸಮಾಜ ವಿಜ್ಞಾನದ ಮೇಷ್ಟ್ರು, ಇವರನ್ನೇ ಕೇಳಿ ಎಂದು ನನ್ನನ್ನು ಮುಂದಕ್ಕೆ ತಳ್ಳಿದ. ಸ್ವಾಮಿಯೂ ತಳ್ಳಿದ. ಬಹಳ ದಿನಗಳ ಮೇಲೆ ಅವರಿಬ್ಬರೂ ಸೇರಿ ಮಾಡಿದ ಮೊದಲ ಕೆಲಸ ಅದು.

ನಾನು ಗಂಟಲು ಸರಿಮಾಡಿಕೊಂಡೆ. ಎರಡೂ ಕಡೆ ನ್ಯಾಯವಿದೆ, ಎರಡೂ ಕಡೆ ತಪ್ಪಿದೆ, ಇದಕ್ಕೆ ಹಳೆಯ ಇತಿಹಾಸವಿದೆ ಎಂದು ಶುರುಮಾಡಿದೆ. ಅಟ್ಲಾಸ್ ನೋಡಿದ್ದು ವ್ಯರ್ಥವಾಗಬಾರದಲ್ಲ, ಕಡ್ಡಿಯಿಂದ ಕೆಸರಿನಲ್ಲಿ ನಕ್ಷೆಯನ್ನೂ ಬರೆದೆ. ಬರೆಯುತ್ತಿದ್ದಂತೆ ಕರಿಯಣ್ಣ ಹೆಂಡತಿಯ ಪಕ್ಕಕ್ಕೆ ಸರಿದು ನಿಂತ. ಸ್ವಾಮಿ ರವಿಯ ಹೆಗಲ ಮೇಲೆ ಕೈಯಿಟ್ಟ.

"ಲೇ, ಇವ್ನು ಯಾರ ಕಡೆ ಅಂತ ಯಾವತ್ತಾರ ಏಳವ್ನಾ?" ಎಂದು ಕೇಳಿದ.

"ಇಲ್ಲ ಕಣ್ಲಾ. ನಮ್ಮಿಬ್ರಿಗೂ ತಂದಾಕ್ದೋನೇ ಇವ್ನು," ಎಂದ ರವಿ.

ಇಬ್ಬರೂ ಬೈಕು ಎತ್ತಿ, ಒರೆಸಿ, ಹತ್ತಿ ಹೊರಟೇಹೋದರು. ನಾನು ವೈದ್ಯನಾಥಪುರಕ್ಕೆ ನಡೆದೇ ಹೋದೆ. ಸೇರುವ ಹೊತ್ತಿಗೆ ಇಬ್ಬರೂ ಗುಡಿಯ ಜಗಲಿಯಲ್ಲಿ ಕೂತು ಪ್ರಸಾದ ಮುಗಿಸಿದ್ದರು. ದೇವರನ್ನು ನಂಬದ ಸ್ವಾಮಿಯ ಕೈಯಲ್ಲಿ ಎರಡು ಖಾಲಿ ದೊನ್ನೆ ಇದ್ದವು, ಒಂದು ನನ್ನದಂತೆ. ಇಬ್ಬರೂ ಕೆಸರು ಬಟ್ಟೆಯಲ್ಲೇ ಬಿದ್ದು ಬಿದ್ದು ನಗುತ್ತಿದ್ದರು. ನನಗೆ ಹೊಟ್ಟೆ ಹಸಿದಿದ್ದರೂ ಸಂತೋಷವಾಯಿತು.

ಮನೆಗೆ ಬಂದು, ಯುದ್ಧ ನಿಲ್ಲಿಸಿ ಬಂದೆ ಎಂದು ಅಮ್ಮನಿಗೆ ಹೆಮ್ಮೆಯಿಂದ ಹೇಳಿದೆ. ಅವಳು ನನ್ನ ಪ್ಯಾಂಟು ನೋಡಿ, ಯಾರು ಗೆದ್ದರು ಎಂದಷ್ಟೇ ಕೇಳಿದಳು. ಅಂದಿನಿಂದ ನಾನೂ ಒಬ್ಬನೇ ಕೂತು ಆ ಸುದ್ದಿಯನ್ನೆಲ್ಲ ನೋಡತೊಡಗಿದ್ದೇನೆ. ನೋಡುತ್ತ ನೋಡುತ್ತ ಒಂದು ಪಕ್ಷವನ್ನೂ ಹಿಡಿದುಬಿಟ್ಟಿದ್ದೇನೆ; ಎದುರು ಪಕ್ಷದವರ ಹೆಸರು ಕೇಳಿದರೆ ಮೈ ಉರಿಯುತ್ತದೆ. ಅದು ಯಾವ ಪಕ್ಷವೆಂದು ಮಾತ್ರ ಕಾಶಿಯಿಂದ ವಾಪಸು ಬರುವ ತನಕ ಬಾಯಿ ಬಿಡುವುದಿಲ್ಲ. ಕಿಟಕಿ ಪಕ್ಕದ ಸೀಟು ನನಗೆ ಸಿಕ್ಕಿದೆ.