ಬಿಸಿಲಿನಲ್ಲಿ ಸೋರಿದ ಗಾಡಿ

ನನಗೆ ಆಘಾತಗಳು ಹೊಸದಲ್ಲ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವನು ನಾನು. ಉತ್ತರಪತ್ರಿಕೆಗಳಲ್ಲಿ ಏನೇನೋ ಓದಿ ಎದೆ ಗಟ್ಟಿಯಾಗಿದೆ. ಆದರೆ ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ, ಅಂಗೈಯಷ್ಟೂ ಮೋಡವಿಲ್ಲದ ಮಧ್ಯಾಹ್ನ, ನನ್ನ ಗಾಡಿಯ ಚಾವಣಿಯಿಂದ ಟಪ್ಪೆಂದು ಒಂದು ಹನಿ ಹೆಂಡತಿಯ ದಿಂಬಿನ ಮೇಲೆ ಬಿದ್ದಾಗ ನಾನು ಕುಸಿದು ಕೂತೆ. ಕೂತದ್ದು ಆ ದಿಂಬಿನ ಮೇಲೆಯೇ. ಹನಿಯನ್ನು ಅವಳಿಂದ ಮುಚ್ಚಿಡುವ ಆಸೆಯೂ ಇತ್ತೆನ್ನಿ.

ನಿವೃತ್ತಿಯ ಮೇಲೆ ಊರೂರು ಸುತ್ತಬೇಕೆಂದು ಹಳೆಯ ವ್ಯಾನೊಂದನ್ನು ಕೊಂಡು, ಒಳಗೆ ಹಾಸಿಗೆ, ಒಲೆ, ಹಾಸಿಗೆಯ ಮೇಲ್ಗಡೆ ಸಾಮಾನಿಗೊಂದು ಮರದ ಸಜ್ಜಾ, ಎಲ್ಲ ಮಾಡಿಸಿದ್ದೆ. ಪಾರ್ವತಿನಗರದ ನಮ್ಮ ಬೀದಿಯವರೆಲ್ಲ ಒಬ್ಬೊಬ್ಬರಾಗಿ ಹತ್ತಿ ನೋಡಿ, "ಭಾರಿ ಐತ್ರಿ ಮಾಸ್ತರ್ರ" ಎಂದರು. ಅವರು ಹೊಗಳಿದಷ್ಟೂ ನನಗೆ ದಿಗಿಲು. ಅಮಾವಾಸ್ಯೆಯ ದಿನ ಪೂಜೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ದೃಷ್ಟಿಗೆಂದು ಬೂದುಗುಂಬಳಕಾಯಿಯನ್ನೂ ತಂದು, ಮನೆಯ ಗೃಹಪ್ರವೇಶಕ್ಕಿಂತ ಜೋರಾಗಿಯೇ ಎಲ್ಲ ಮುಗಿಸಿದೆ. ನನ್ನ ವಿಜ್ಞಾನ ಅಂದು ರಜೆಯ ಮೇಲಿತ್ತು.

ಹೆಂಡತಿ ನೀಲಮ್ಮನದು ಮಾತ್ರ ಒಂದೇ ಕರಾರು. "ನಿಮ್ಮ ಆಸೀಗೆ ಇದರಾಗ ಮಲಗ್ತೀನ್ರಿ. ಆದ್ರ ಟಾಪ್ ಸೋರಿ ಒಂದು ಹನಿ ನನ್ನ ಮ್ಯಾಲೆ ಬಿತ್ತಂದ್ರ, ಗಾಡಿ ನನ್ನ ತಮ್ಮಗ ಕೊಟ್ಟುಬಿಡಬೇಕು." ಅವಳ ತಮ್ಮ ವೀರೇಶ ಸಿರುಗುಪ್ಪದಲ್ಲಿ ತೌಡಿನ ವ್ಯಾಪಾರಿ. ಗಾಡಿಯನ್ನು ಕಂಡ ದಿನವೇ ಅದರಲ್ಲಿ ಎಷ್ಟು ಚೀಲ ಹಿಡಿದೀತೆಂದು ಕಣ್ಣಲ್ಲೇ ಅಳೆದಿದ್ದ. ನನ್ನ ಹಾಸಿಗೆಯ ಜಾಗದಲ್ಲಿ ತೌಡಿನ ಚೀಲಗಳನ್ನು ನೆನೆಸಿಕೊಂಡರೆ ನನಗೆ ಊಟ ಸೇರುತ್ತಿರಲಿಲ್ಲ.

ಮಳೆಯಿಲ್ಲದೆ ಸೋರುವುದಕ್ಕೆ ನಾನೊಂದು ಸಿದ್ಧಾಂತ ಕಟ್ಟಿದೆ. ಹಿಂದಿನ ಮಳೆಗಾಲದ ನೀರು ಚಾವಣಿಯ ಎರಡು ತಗಡುಗಳ ನಡುವೆ ಸಿಕ್ಕಿಕೊಂಡು ಈಗ ಇಳಿಯುತ್ತಿದೆ! "ಏನೋ ಕೊಳತ ನಾತ ಬರಾಕತ್ತೈತ್ರಿ" ಎಂದು ನೀಲಮ್ಮ ಮೂಗು ಮುಚ್ಚಿಕೊಂಡಳು. ಹಳೆಯ ನೀರು ನಾರದೆ ಇನ್ನೇನು ಮಾಡೀತು? ನನ್ನ ಸಿದ್ಧಾಂತಕ್ಕೆ ಅದೇ ಸಾಕ್ಷಿಯಾಯಿತು. ಅವಳು ಮಾರ್ಕೆಟ್ಟಿಗೆ ಹೋದಾಗ ಚಾವಣಿ ಹತ್ತಿ, ಮೊಣಕಾಲು ಹಂಚಿನ ಮೇಲಿನ ರೊಟ್ಟಿಯಂತೆ ಬೇಯುತ್ತಿದ್ದರೂ, ಹೊಸ ತಗಡು ಹಾಸಿ ಡ್ರಿಲ್ಲಿನಿಂದ ಎಂಟು ತೂತು ಕೊರೆದು ಸ್ಕ್ರೂ ಬಿಗಿದೆ. ಜೀವಮಾನದಲ್ಲಿ ಅಷ್ಟು ಹೆಮ್ಮೆಪಟ್ಟದ್ದು ಕಡಿಮೆ.

ಮರುದಿನ ನೀಲಮ್ಮ ಹಾಸಿಗೆಯ ಮೇಲೆ ಒರಗಿದ್ದಳು. ಟಪ್! ನೇರ ಹಣೆಯ ಮೇಲೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಅವಳು ಹನಿಯನ್ನು ಬೆರಳಲ್ಲಿ ಒರೆಸಿಕೊಂಡು, "ನಡ್ರಿ ಸಿರುಗುಪ್ಪಕ್ಕ" ಎಂದಳು, ಅಷ್ಟೇ. ಕೊನೆಯದಾಗಿ ಅಲ್ಲಿನ ಖಾಜಾಸಾಬರಿಗೆ ಒಮ್ಮೆ ತೋರಿಸೋಣವೆಂದು ಅಂಗಲಾಚಿದೆ. ಅಕ್ಕಿ ಮಿಲ್ಲುಗಳ ತಗಡಿನ ಚಾವಣಿ ರಿಪೇರಿಯಲ್ಲೇ ಕೂದಲು ಬೆಳ್ಳಗಾದವರು ಅವರು.

ಖಾಜಾಸಾಬರು ಚಾವಣಿ ಹತ್ತಲೇ ಇಲ್ಲ. ಒಳಗೆ ಬಂದು ಎರಡು ಸಲ ಮೂಸಿ, ಸಜ್ಜಾದಲ್ಲಿ ಕೈಯಾಡಿಸಿ, ಕಂಬಳಿಗಳ ಹಿಂದಿನಿಂದ ಕೆಂಪು ಬಟ್ಟೆಯ ಗಂಟೊಂದನ್ನು ಹೊರಗೆಳೆದರು. ಗಂಟಿನಿಂದ ನೀರು ಜಿನುಗುತ್ತಿತ್ತು.

"ಟಾಪ್ ಸೋರವಲ್ದು ಮಾಸ್ತರ್ರ. ಕುಂಬಳಕಾಯಿ ಸೋರಾಕತ್ತೈತಿ."

ಬಾಗಿಲಿಗೆ ಕಟ್ಟಿದರೆ ಓಡುವ ಗಾಡಿಯಲ್ಲಿ ತೂಗಾಡಿ ಯಾರದಾದರೂ ತಲೆಗೆ ಬಡಿದೀತೆಂದು ಆ ದೃಷ್ಟಿಕಾಯಿಯನ್ನು ಬಟ್ಟೆಯಲ್ಲಿ ಸುತ್ತಿ ಸಜ್ಜಾದಲ್ಲಿಟ್ಟವನು ನಾನೇ, ಮರೆತವನೂ ನಾನೇ. ನೀಲಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಅದು ಟಾಪಿನ ನೀರಲ್ಲ, ಲೆಕ್ಕಕ್ಕ ಹಿಡ್ಯಂಗಿಲ್ಲ ಬಿಡ್ರಿ. ಗಾಡಿ ನಿಮ್ಮದ" ಎಂದು ದೊಡ್ಡ ಮನಸ್ಸು ಮಾಡಿದಳು.

ಖಾಜಾಸಾಬರು ಆಮೇಲೆ ಏಣಿ ಹತ್ತಿ ನೋಡಿ ಗಾಬರಿಯಾದರು. "ಯಾ ಅಲ್ಲಾ! ಗಟ್ಟಿ ಟಾಪಿಗೆ ಈ ಎಂಟು ತೂತು ಯಾರು ಹೊಡದಾರ್ರಿ? ಒಂದು ತಾಸು ಕುಂದರ್ರಿ, ಬಂದ್ ಮಾಡಿಕೊಡ್ತೀನಿ." ಹೆಂಡತಿಯ ಎದುರು ಇನ್ನೆಷ್ಟು ಮರ್ಯಾದೆ ಕಳೆದುಕೊಳ್ಳಲಿ? "ನಾನ ಬಿಗಿದದ್ದು, ಗಟ್ಟಿ ಅದಾವು" ಎಂದು ಗಾಡಿ ಹೊರಡಿಸಿಬಿಟ್ಟೆ.

ದಾರಿಯಲ್ಲಿ ಕುರುಗೋಡಿನ ಬಸವಣ್ಣನ ಗುಡಿಯಲ್ಲಿ ಕೈಮುಗಿದು ಹೋಗೋಣವೆಂದಳು ನೀಲಮ್ಮ. ಕೈಮುಗಿದು ಬಂದು ಗಾಡಿ ಹತ್ತುವಷ್ಟರಲ್ಲಿ, ಎಲ್ಲಿತ್ತೋ ಏನೋ, ಗುಡುಗುತ್ತ ಮಳೆ ಸುರಿಯಿತು. ಒಳಗೆ ಎಂಟೂ ಸ್ಕ್ರೂಗಳ ಬುಡದಿಂದ ನೀರು. ಏಳಕ್ಕೆ ಪಾತ್ರೆ, ಲೋಟ, ಒಗ್ಗರಣೆ ಸೌಟು ಸಿಕ್ಕವು. ಎಂಟನೆಯದು ನೀಲಮ್ಮನ ನೆತ್ತಿಯ ಮೇಲೆಯೇ ಇಳಿಯುತ್ತಿತ್ತು. ಅವಳು ಜಾಗ ಬದಲಿಸದೆ, ನನ್ನನ್ನೇ ನೋಡುತ್ತ ಫೋನು ಹಚ್ಚಿದಳು.

"ವೀರೇಶಾ, ಕುರುಗೋಡಿಗೆ ಬಂದು ಗಾಡಿ ತಗೊಂಡು ಹೋಗಪ್ಪಾ. ಬರೋವಾಗ ಒಂದು ಕುಂಬಳಕಾಯಿ ತಗೊಂಡು ಬಾ... ಗಾಡೀಗಲ್ಲಲೇ. ಗಾಡಿ ಮ್ಯಾಲೆ ಯಾರ ಕಣ್ಣೂ ಬಿದ್ದಿಲ್ಲ, ನಿಮ್ಮ ಭಾವನ ಕೈ ಬಿದ್ದೈತಿ. ಅವರ ಕೈಗೇ ಕಟ್ಟೋಣು."

ಆ ಕೈ ಅಷ್ಟರಲ್ಲಾಗಲೇ ಸೀಟಿನ ಕೆಳಗೆ ಸ್ಕ್ರೂಡ್ರೈವರ್ ಹುಡುಕುತ್ತಿತ್ತು.