ಮಾವನ ಬೆರಳು ಪರೀಕ್ಷೆ

ನನ್ನ ಸೋದರಮಾವನ ಕಣ್ಣಿಗೆ ಬೀಳುವಂತೆ ಯಾರೂ ಹೇನು ಹೆಕ್ಕಬಾರದು. ಹೆಕ್ಕಿದರೋ, ಮರುದಿನವೇ ಉದ್ಯೋಗ ಖಚಿತ! ಇದು ಅತಿಶಯೋಕ್ತಿಯೆಂದು ತಾವು ಭಾವಿಸಬಹುದು. ಬಿ.ಕಾಂ. ಪದವೀಧರನಾದ ನಾನು ಆಧಾರವಿಲ್ಲದೆ ಏನನ್ನೂ ಬರೆಯುವವನಲ್ಲ.

ಶಿಡ್ಲಘಟ್ಟದಲ್ಲಿ ಮಾವನದೊಂದು ರೇಷ್ಮೆನೂಲು ತೆಗೆಯುವ ಕಾರ್ಖಾನೆ. ಎಂಬತ್ತರ ದಶಕದ ಕೊನೆಯಲ್ಲಿ ಅದನ್ನು ವಿಸ್ತರಿಸಿದಾಗ ಹೊಸ ಕೆಲಸಗಾರರು ಬೇಕಾದರು. ಬೇಯಿಸಿದ ಗೂಡಿನಿಂದ ಕಂಡೂ ಕಾಣದಂತಹ ಎಳೆಯ ತುದಿಯನ್ನು ಹಿಡಿದೆಳೆಯುವುದು ಸಾಮಾನ್ಯರ ಕೆಲಸವೇ? ಆದ್ದರಿಂದ ಮಾವ ಯಾರ ಮುಖವನ್ನೂ ನೋಡುತ್ತಿರಲಿಲ್ಲ; ನೇರವಾಗಿ ಬೆರಳುಗಳನ್ನೇ ನೋಡುತ್ತಿದ್ದರು. ಪದವಿ ಪಡೆದು ಎರಡು ವರ್ಷ ನಿರುದ್ಯೋಗಿಯಾಗಿದ್ದ ನಾನು ಅವರ ಸ್ಕೂಟರಿನ ಹಿಂದೆ ಕುಳಿತು ತಿರುಗುತ್ತಿದ್ದೆ. ವ್ಯವಸ್ಥಾಪಕನ ಹುದ್ದೆ ನನಗೇ ಸಿಕ್ಕೀತೆಂಬುದು ನನ್ನ ಗುಪ್ತ ನಿರೀಕ್ಷೆ. ಮಾವ ಆ ಬಗ್ಗೆ ತುಟಿ ಬಿಚ್ಚಿದರೆ ಕೇಳಿ!

ಕೆಂಚಾರ್ಲಹಳ್ಳಿಯ ಒಂದು ಜಗಲಿಯಲ್ಲಿ ಗೃಹಿಣಿಯೊಬ್ಬಳು ಮಗಳ ತಲೆಯಲ್ಲಿ ಹೇನು ಹುಡುಕುತ್ತಿದ್ದಳು. ಮಾವ ಸ್ಕೂಟರ್ ನಿಲ್ಲಿಸಿ, ಕಾಲು ಗಂಟೆ ತದೇಕಚಿತ್ತರಾಗಿ ನಿಂತರು. ಒಳಗಿನಿಂದ ಅವಳ ಅತ್ತೆ ಪೊರಕೆ ಸಮೇತ ಬಂದು, ಯಾರು ನೀನೆಂದು ತೆಲುಗು-ಕನ್ನಡ ಬೆರೆಸಿ ಗದರಿದಳು.

"ಎವರಯ್ಯಾ ನುವ್ವು? ನಮ್ ಸೊಸೇನ ಏನ್ ಹಂಗ್ ನೋಡ್ತಾ ಇದೀಯ?"

"ಸೊಸೇನಲ್ಲಮ್ಮ, ಬೆರಳು! ಒಂದು ಕೂದಲೂ ಕೀಳ್ದೆ ಹೇನು ತೆಗೀತಾಳೆ ನೋಡು. ನಮ್ ಕಾರ್ಖಾನೆಗೆ ಕಳಿಸ್ತೀಯಾ?"

ಪೊರಕೆ ಕೆಳಗಿಳಿಯಿತು. "ಅವಳಿಗೆ ಕಲಿಸಿದ್ದೇ ನಾನು. ನನ್ ಬೆರಳು ನೋಡಲ್ವಾ?"

ಮರುದಿನ ಅತ್ತೆ, ಸೊಸೆ ಇಬ್ಬರೂ ಶಿಡ್ಲಘಟ್ಟದ ಬಸ್ಸಿನಿಂದಿಳಿದರು!

ಅಲೀಪುರದಲ್ಲಿ ಸಾಹೇಬರೊಬ್ಬರು ಸಾಸಿವೆ ಗಾತ್ರದ ಹರಳುಗಳನ್ನು ಪೋಣಿಸುತ್ತಿದ್ದರು. ಮಾವ ಕೈಮುಗಿದೇಬಿಟ್ಟರು.

"ಸಾಬ್ರೇ, ಈ ಬೆರಳನ್ನ ನಮಗೆ ಕೊಟ್ಬಿಡಿ."

"ಬೆರಳು ಮಾತ್ರ ತಗೊಂಡೋಗಿ ಏನ್ ಮಾಡ್ತೀರಿ? ಅದರ ಹಿಂದೆ ಏಳು ಹೊಟ್ಟೆ ಬರುತ್ತೆ!"

"ಬರ್ಲಿ. ಏಳ್ ಹೊಟ್ಟೆ ಅಂದ್ರೆ ಎಪ್ಪತ್ ಬೆರಳಾಯ್ತಲ್ಲ!"

ಸಾಹೇಬರು ನಕ್ಕು ಚಹಾ ಕುಡಿಸಿದರು. ಅವರು ಬರಲಿಲ್ಲ, ಆದರೆ ತಮ್ಮ ಭಾಮೈದನನ್ನು ಕಳಿಸಿಕೊಟ್ಟರು. ಇಂದಿಗೂ ಅವನಷ್ಟು ಸಮನಾದ ನೂಲು ತೆಗೆಯುವವರು ನಮ್ಮಲ್ಲಿಲ್ಲ.

ಇಂತಹ ಅವೈಜ್ಞಾನಿಕ ಪದ್ಧತಿಯನ್ನು ವಿದ್ಯಾವಂತನೊಬ್ಬ ಎಷ್ಟು ದಿನ ಸಹಿಸಿಯಾನು? ನಾನೇ ಒಂದು ಪ್ರಕಟಣೆ ಸಿದ್ಧಪಡಿಸಿ, ಶೈಕ್ಷಣಿಕ ಅರ್ಹತೆ, ಅನುಭವ ಇತ್ಯಾದಿ ವಿವರಗಳೊಂದಿಗೆ ಬೆರಳಚ್ಚು ಮಾಡಿಸಿ, ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ ಅಂಟಿಸಿ ಬಂದೆ. ಮೂವರು ಬಂದರು. ಮೂವರೂ ಬಿ.ಕಾಂ. ಮೂವರಿಗೂ ಬೇಕಾಗಿದ್ದುದು ವ್ಯವಸ್ಥಾಪಕನ ಹುದ್ದೆ!

ಮಾವ ಅವರಿಗೆ ಕಾಫಿ ಕೊಟ್ಟು, ಯೋಚಿಸಿ ತಿಳಿಸುವುದಾಗಿ ಹೇಳಿ ಕಳಿಸಿದರು. ಯೋಚಿಸಿ! ನನ್ನ ಸಂಯಮ ಮುರಿಯಿತು.

"ಮಾವ, ಊರೂರು ಸುತ್ತಿ ಗುರುತು ಪರಿಚಯ ಇಲ್ಲದೋರನ್ನೆಲ್ಲ ಕರೆದ್ರಿ. ನನ್ನನ್ನ ಮಾತ್ರ ಒಂದ್ ಮಾತೂ ಕೇಳ್ಲಿಲ್ಲ. ನಾನು ಅಷ್ಟೂ ಕೆಲಸಕ್ಕೆ ಬಾರದೋನಾ?"

ಪೊರಕೆಯೆದುರೂ ತಡವರಿಸದ ಮನುಷ್ಯ ಆಗ ತಡವರಿಸಿದರು.

"ಹಂಗಲ್ಲ ಕಣೋ. ನಮ್ ವಂಶದಲ್ಲೇ ಡಿಗ್ರಿ ಮಾಡ್ದೋನು ನೀನೊಬ್ನೇ. ಈ ಹುಳದ ವಾಸನೇಲಿ ಬಂದು ಕೂತ್ಕೋ ಅಂತ ನಿನ್ನ ಹೆಂಗಪ್ಪ ಕೇಳ್ಲಿ? ನೀನು ಒಲ್ಲೆ ಅಂದ್ಬಿಟ್ಟಿದ್ರೆ?"

ನಾನು ಕಚೇರಿಯಲ್ಲಿದ್ದ ಒಂದೇ ಕುರ್ಚಿಯನ್ನು ಎಳೆದು ಕುಳಿತೆ.

"ನಾಳೆ ಎಷ್ಟು ಗಂಟೆಗೆ ಬರ್ಲಿ, ಮಾವ?"

ಮಾವ ಹೆಗಲ ಮೇಲಿನ ವಸ್ತ್ರ ತೆಗೆದು ನನ್ನ ಮುಂದಿನ ಮೇಜನ್ನು ಒರೆಸತೊಡಗಿದರು. ಮೇಜು ಆಗಲೇ ಸ್ವಚ್ಛವಾಗಿತ್ತು. ಆದರೂ ಬಹಳ ಹೊತ್ತು ಅವರು ತಲೆಯೆತ್ತಲಿಲ್ಲ.