ನಿಂಬೆ ಗಿಡದಡಿಯ ತಾಮ್ರ

"ಇವತ್ತು ಸೂರ್ಯ ಮುಳುಗೋದ್ರೊಳಗೆ ಈ ಹಿತ್ತಲು ತನ್ನ ಗುಟ್ಟನ್ನೆಲ್ಲ ನನ್ನ ಮುಂದೆ ಕಕ್ಕದಿದ್ರೆ ನನ್ನ ಹೆಸರು ಡೆನ್ಜಿಲ್ ಟ್ರೆಗೀರ್ ಅಲ್ಲ!"

ಭಾನುವಾರ ಬೆಳಗ್ಗೆ ಅಡುಗೆಮನೆ ಬಾಗಿಲಲ್ಲಿ ನಿಂತು ಹೀಗೆ ಘೋಷಿಸಿದ ಡೆನ್ಜಿಲ್, ಲೋಹ ಹುಡುಕುವ ಯಂತ್ರವನ್ನು ಗದೆಯಂತೆ ಹೆಗಲಿಗೇರಿಸಿದ. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಮೇಲೆ ಹತ್ತಿದ ಹುಚ್ಚು ಇದು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಆ ಹಳೆಯ ಚಿನ್ನದ ಗಣಿಯೂರಿನಲ್ಲಿ ಅದೇನೂ ಹೊಸ ಕಾಯಿಲೆಯಲ್ಲ. ಚಿನ್ನಕ್ಕೆ ಜನ ಮುಗಿಬಿದ್ದ ಕಾಲದಲ್ಲಿ ಚಿಲ್ಲರೆ ಸಾಲದೆ ಅಂಗಡಿಯವರೇ ತಮ್ಮ ಹೆಸರು ಒತ್ತಿಸಿ ಹಂಚಿದ ತಾಮ್ರದ ಬಿಲ್ಲೆಗಳು ಮನೆಮನೆಯಲ್ಲೂ ಗಾಜಿನ ಪೆಟ್ಟಿಗೆಯಲ್ಲಿ ಮೆರೆಯುತ್ತಿದ್ದವು. ಪಕ್ಕದ ಮನೆಯ ಬ್ರೂನೋನ ಪೆಟ್ಟಿಗೆಯಂತೂ ತುಂಬಿ ತುಳುಕುತ್ತಿತ್ತು. ಡೆನ್ಜಿಲ್‌ನ ಪೆಟ್ಟಿಗೆಯಲ್ಲಿ ಇದ್ದದ್ದು ಗಾಜು ಮಾತ್ರ!

"ಮಧ್ಯಾಹ್ನ ಮಹಿಳಾ ಸಂಘದವರು ಚಹಾಕ್ಕೆ ಬರ್ತಾರೆ," ಹೆಂಡತಿ ಲೊರೈನ್ ಸ್ಕೋನ್ ಬನ್ನಿನ ಹಿಟ್ಟು ನಾದುತ್ತ ಹೇಳಿದಳು. "ಮುಂದಿನ ಅಧ್ಯಕ್ಷೆ ಯಾರು ಅಂತ ಇವತ್ತೇ ಮಾತಾಗುತ್ತೆ. ಹುಲ್ಲು ಕೆಡಿಸಿದ್ರೆ ನಿನ್ನನ್ನೇ ಅಲ್ಲಿ ಹೂತುಬಿಡ್ತೀನಿ."

"ಹೂತರೇನಂತೆ? ಮುಂದೆ ಯಾರಾದ್ರೂ ಯಂತ್ರ ಹಿಡ್ಕೊಂಡು ಬಂದು ಹುಡುಕ್ತಾರೆ."

"ನಿನ್ನಲ್ಲಿ ಬೆಲೆಬಾಳೋ ಲೋಹ ಏನಿದೆ ಮಾರಾಯ? ಸೊಂಟಕ್ಕೆ ಹಾಕಿರೋ ಸ್ಕ್ರೂ ತಾನೆ!"

ಆ ಸೊಂಟವನ್ನೇ ಬಗ್ಗಿಸಿ ಡೆನ್ಜಿಲ್ ಊಟದ ಹೊತ್ತಿನವರೆಗೆ ಅಗೆದ. ಬಿಯರ್ ಬಾಟಲಿಯ ಮುಚ್ಚಳ, ಸಾರ್ಡೀನ್ ಡಬ್ಬ, ತುಕ್ಕು ಹಿಡಿದ ಕೀಲು... ಭೂಮಿತಾಯಿ ತನ್ನ ಕಸವನ್ನೆಲ್ಲ ಉದಾರವಾಗಿ ಕೊಟ್ಟಳು. ಕೊನೆಗೆ ನಿಂಬೆ ಗಿಡದ ಬುಡದಲ್ಲಿ ಯಂತ್ರ ಕೋಗಿಲೆಯಂತೆ ಹಾಡಿತು.

"ತಾಮ್ರ! ಶುದ್ಧ ತಾಮ್ರ ಕಣೇ!"

ಲೊರೈನ್ ಕಿಟಕಿಯಿಂದ ಇಣುಕಿದಳು. "ಅಲ್ಲಿ ನೀರಿನ ಪೈಪ್ ಹೋಗುತ್ತಲ್ವಾ?"

"ಪೈಪ್ ಇರೋದು ಬೇಲಿ ಪಕ್ಕ. ಮುಂದೆ ನಿಂತು ಹಾಕಿಸಿದೋನು ನಾನು. ನಿನಗೇನು ಗೊತ್ತು?"

ಮೊಣಕೈ ಆಳದಲ್ಲಿ ಹಸಿರುಗಟ್ಟಿದ ತಾಮ್ರದ ಅಂಚು ಕಂಡಿತು. ಬಿಲ್ಲೆ ತುಂಬಿದ ಕೊಡವೇ! ಡೆನ್ಜಿಲ್ ಪಿಕಾಸಿ ಎತ್ತಿ ಒಂದೇ ಒಂದು ಪೆಟ್ಟು ಹಾಕಿದ.

ಯಂತ್ರ ಸುಳ್ಳು ಹೇಳಿರಲಿಲ್ಲ. ತಾಮ್ರವೇ. ಕೊಡವಲ್ಲ, ಕೊಳವೆ! ಗಂಗೆ ಭೋರ್ಗರೆದು ನಿಂಬೆ ಗಿಡದೆತ್ತರಕ್ಕೆ ಚಿಮ್ಮಿದಳು. ಶಿವನಿಗಾದರೆ ಜಟೆಯಿತ್ತು, ಡೆನ್ಜಿಲ್‌ನದು ಬೋಳುತಲೆ. ಮೀಟರಿನ ಬಳಿ ಓಡಿ ತಿರುಪು ತಿರುಗಿಸಿದರೆ ಹಿಡಿ ಕೈಗೇ ಬಂತು. ಟೋಪಿ ತುರುಕಿದರೆ ಟೋಪಿ ಹಾರಿತು. ಕೊನೆಗೆ ತೂತಿನ ಮೇಲೆ ತಾನೇ ಕೂತ.

ಅದೇ ಹೊತ್ತಿಗೆ ಗೇಟು ಕಿರುಗುಟ್ಟಿತು. ಸಂಘದ ಹಿರಿಯಳಾದ ವಿನಿಫ್ರೆಡ್ ಅಜ್ಜಿಯ ಹಿಂದೆ ಹೆಂಗಸರೆಲ್ಲ ಕೇಕು ಹಿಡಿದು ಸಾಲಾಗಿ ಬಂದರು.

"ಇವರು ಯಾಕೆ ಅಲ್ಲಿ ಕೂತಿದ್ದಾರೆ?" ಅಜ್ಜಿ ಕೇಳಿದಳು.

ಲೊರೈನ್ ಗಂಬೂಟು ತೊಟ್ಟು ಕೆಸರಿಗಿಳಿದಳು. "ಹೊಸ ಕಾರಂಜಿ ಹಾಕಿಸಿದೀವಿ. ಡೆನ್ಜಿಲ್, ಸ್ವಲ್ಪ ಸರಿ." ಅವನು ಸರಿದ. ಅವಳು ಕೆಟಲನ್ನು ಚಿಮ್ಮುವ ನೀರಿಗೆ ಹಿಡಿದು ತುಂಬಿಸಿದಳು. "ಮತ್ತೆ ಕೂತ್ಕೋ."

ಹೆಂಗಸರು ನಕ್ಕ ನಗುವಿಗೆ ಬೇಲಿಯಾಚೆಯ ಬ್ರೂನೋ ಎದ್ದು ಬಂದ. ಸ್ಪ್ಯಾನರ್ ತಂದು, ಬೈಯದೆ, ನೀರು ನಿಲ್ಲಿಸಿದ. ಬೈದಿದ್ದರೇ ವಾಸಿಯಿತ್ತು! ಜಗುಲಿಯಲ್ಲಿ ಚಹಾ ಆಯಿತು. ಇಷ್ಟೆಲ್ಲ ಆದರೂ ಎದೆಗುಂದದ ಲೊರೈನೇ ಅಧ್ಯಕ್ಷೆಯಾಗಬೇಕೆಂದು ಅಜ್ಜಿ ಘೋಷಿಸಿದಳು, ಎಲ್ಲರೂ ಕೈಯೆತ್ತಿದರು.

ಅವರು ಹೋದ ಮೇಲೆ ಲೊರೈನ್ ಮೆಟ್ಟಿಲ ಮೇಲೆ ಕೂತು ಬೂಟಿನ ಕೆಸರು ಕೆರೆದಳು. ಟಣ್ ಎಂದು ಏನೋ ಬಿತ್ತು. ಡೆನ್ಜಿಲ್ ಎರಗಿ ಎತ್ತಿದ, ಅಂಗಿಗೆ ಉಜ್ಜಿದ. ತಾಮ್ರದ ಬಿಲ್ಲೆ! ದಿನವಿಡೀ ಯಂತ್ರಕ್ಕೆ ಸಿಗದ್ದು ಹೆಂಡತಿಯ ಹಿಮ್ಮಡಿಗೆ ಸಿಕ್ಕಿತ್ತು!

"ಏನು ಬರೆದಿದೆ? ಗಟ್ಟಿಯಾಗಿ ಓದು," ಎಂದಳು ಲೊರೈನ್.

ಡೆನ್ಜಿಲ್ ಭೂತಗನ್ನಡಿ ಹಿಡಿದ. "ಹ್ಯಾರಪ್ ಮತ್ತು ಮಕ್ಕಳು... ಕಬ್ಬಿಣದ ಸಾಮಾನು..." ಅವನ ದನಿ ಇಳಿಯಿತು. "ಪಂಪು, ನೀರಿನ ಪೈಪು..."

ಲೊರೈನ್ ಕೈ ಚಾಚಿ ಬಿಲ್ಲೆಯನ್ನು ಇಸಿದುಕೊಂಡು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

"ನೋಡು, ನಿನ್ನಂಥೋನು ಹುಟ್ತಾನೆ ಅಂತ ಪುಣ್ಯಾತ್ಮರು ಆಗ್ಲೇ ಅಂಗಡಿ ಇಟ್ಟಿದ್ರು!"